ಮೇಕೆಗೆ ಕೊಟ್ಟ ನಗು

ಲೇ ಚೋಟಿ,

ದೊಡ್ಡವರ ಕಾರ್ಟೂನ್ ಧಾರಾವಾಹಿಯೊಂದರಲ್ಲಿ ನಾನೀಗ ಮೇಕೆಗೆ ದನಿ ಕೊಡುತ್ತಿದ್ದೇನೆ. ಆಮೆ ಅವಳ ಜೀವದ ಗೆಳತಿ. ಇವತ್ತಿನ ದೃಶ್ಯದಲ್ಲಿ ಆಮೆ ಎಲ್ಲರೆದುರು, "ನಾನಿಲ್ದಿದ್ರೆ ನಿನ್ನನ್ನ ಯಾರೇ ಮಾತಾಡಿಸ್ತಾರೆ?" ಅನ್ನುತ್ತಾಳೆ. ಮೇಕೆ ಅಳು ನುಂಗಿಕೊಂಡು ನಗಬೇಕು.

ಎಷ್ಟು ಸಲ ನಕ್ಕರೂ ನಿರ್ದೇಶಕಿ ಒಪ್ಪಲಿಲ್ಲ. ಕೊನೆಗೆ ನನ್ನ ಬಾಯಿಂದ ಬಂದದ್ದು ನಿನ್ನ ನಗು. ತರಗತಿಯಲ್ಲಿ ನಾನೂ ನಿನಗೆ ಅದೇ ಮಾತು ಅಂದಾಗ ನಕ್ಕೆಯಲ್ಲ, ಆ ನಗು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುವವಳು, ನೀನು ತಮಾಷೆಯಾಗಿ ತಗೊಂಡೆ ಎಂದುಕೊಂಡೇ ಇಷ್ಟು ವರ್ಷ ಆರಾಮಾಗಿದ್ದೆ.

"ಅಬ್ಬಾ! ಎಲ್ಲಿಂದ ತಂದ್ಯೇ ಈ ನಗುನ?" ಎಂದರು ನಿರ್ದೇಶಕಿ.

ಅರ್ಧಕ್ಕೇ ಶಾಲೆ ಬಿಟ್ಟದ್ದನ್ನೂ ಯಾರಿಂದಲೂ ಮುಚ್ಚಿಡದವಳು ನಾನು.

"ನಂದೇ, ಮೇಡಂ" ಎಂದುಬಿಟ್ಟೆ.