ಡೆಲ್ಮರನ ಎರಡು ಆಸನಗಳು

ಪ್ರಿಯ ಡೆಲ್ಮರ್,

ನೀನು ತೀರಿಕೊಂಡ ವಾರ ನಾನು ನಿನಗೆ ಬರೆದ ಪತ್ರದಲ್ಲಿ ಎರಡು ದಿನಾಂಕಗಳು ತಪ್ಪಾಗಿದ್ದವು, ಕ್ಷಮಿಸು.

ನಿನ್ನೆ ನಿನ್ನ ಹೆಂಡತಿ ಆರ್ಡಿತ್ ಬಂದಿದ್ದಳು. ನಿನ್ನ ಹೆಸರಿನ ಎರಡು ವಾರ್ಷಿಕ ಟಿಕೆಟ್‌ಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳುವಳಂತೆ: ನಮ್ಮ ಯೂನಿವರ್ಸಿಟಿಯ ಫುಟ್‌ಬಾಲ್ ಮೈದಾನದ ಆಸನದ್ದು, ಇಲ್ಲವೇ ಬ್ಯಾಸ್ಕೆಟ್‌ಬಾಲ್ ಅಂಗಣದಲ್ಲಿ ನನ್ನ ಪಕ್ಕದ್ದು.

"ನಮ್ಮ ಯೂನಿವರ್ಸಿಟಿ ಯಾವ ಆಟದ್ದು ಅಂತ ಜೀವನಪೂರ್ತಿ ಕಿತ್ತಾಡಿದ್ರಲ್ಲ ವೆಂಡೆಲ್, ಈಗ್ಲಾದ್ರೂ ಒಂದು ಹೇಳಪ್ಪಾ!" ಎಂದು ನನ್ನನ್ನು ಕೇಳಿದಳು.

ಫುಟ್‌ಬಾಲ್ ಮೈದಾನದಲ್ಲಿ ಬ್ಯಾಸ್ಕೆಟ್‌ಬಾಲ್ ತಂಡದ ಅಂಕಗಳನ್ನು ಘೋಷಿಸಿದೊಡನೆ ಜನ ಎದುರಿನ ಆಟವನ್ನೇ ಮರೆತು ಕೂಗುವುದುಂಟು. ನಮ್ಮದು ಬ್ಯಾಸ್ಕೆಟ್‌ಬಾಲಿನ ಯೂನಿವರ್ಸಿಟಿ ಎಂಬ ನನ್ನ ವಾದಕ್ಕೆ ಆ ಕೂಗೇ ಸಾಕ್ಷಿಯಾಗಿತ್ತು. ನಿನ್ನೆ ಅದನ್ನು ಎತ್ತಲಿಲ್ಲ. ಸೋಲುವ ತಂಡಕ್ಕಾಗಿ ಚಳಿಯಲ್ಲಿ ಕೊನೆಯವರೆಗೂ ಕುಳಿತಿರುತ್ತಿದ್ದ ನಿನ್ನನ್ನು ನೆನೆದು, "ಅವನದು ಫುಟ್‌ಬಾಲೇ, ಅದನ್ನೇ ಇಟ್ಕೋ" ಎಂದೆ.

"ನಿನ್ನ ಪಕ್ಕ ಯಾರೋ ಗೊತ್ತಿಲ್ಲದವ್ರು ಬಂದು ಕೂರ್ತಾರಲ್ಲೋ?"

"ಕೂರ್ಲಿ ಬಿಡು. ಅವ್ರಾದ್ರೂ ಆಟ ನೋಡ್ತಾರೆ."

ಆರ್ಡಿತ್ ನಕ್ಕಳು. "ಅವ್ನು ನಿನ್ನ ಪಕ್ಕ ಬಂದು ಕೂರ್ತಿದ್ದಿದ್ದು ಆಟ ನೋಡೋಕೆ ಅನ್ಕೊಂಡಿದ್ಯಾ?"

ತಿದ್ದಿದ ದಿನಾಂಕಗಳು:

ನೀನು ನನ್ನನ್ನು ಫುಟ್‌ಬಾಲಿಗೆ ಮೊದಲು ಎಳೆದೊಯ್ದದ್ದು ೧೯೭೮ರ ಅಕ್ಟೋಬರ್ ೭, ಸೆಪ್ಟೆಂಬರ್ ಅಲ್ಲ.

ಬ್ಯಾಸ್ಕೆಟ್‌ಬಾಲ್ ಅಂಗಣದಲ್ಲಿ ನೀನು ಕೊನೆಯ ಬಾರಿ ನನ್ನ ಪಕ್ಕದಲ್ಲಿ ಕುಳಿತದ್ದು ೨೦೨೩ರ ಮಾರ್ಚ್ ೪, ಫೆಬ್ರವರಿ ಅಲ್ಲ. ಅಂದು ಆಟ ಮುಗಿಯುವವರೆಗೂ ನೀನು ಫುಟ್‌ಬಾಲಿನ ಮಾತನ್ನೇ ಆಡಿದೆ.