ಕೆಂಪು ತಟ್ಟೆಯ ಇಪ್ಪತ್ತೈದನೆಯದು

ಮಾರ್ಚ್ 14, ಬೆಳಿಗ್ಗೆ 7

ಹನ್ನೊಂದನೇ ತಾರೀಖು, ನಾನು ರಜೆಯಲ್ಲಿದ್ದಾಗ, ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿ ನನ್ನ ಸ್ಟೋರಿನ ಲೇಬಲ್‌ಗಳನ್ನೆಲ್ಲ ಕೀಳಿಸಿದ್ದಾರೆ. ಅತಿಥಿಗಳು ಬರುವವರಿದ್ದರಂತೆ. ಇಪ್ಪತ್ತೆರಡು ವರ್ಷ ಬೋರ್, ಅಂದರೆ ನಳಿಕೆಯ ಅಳತೆ ನೋಡಿ, ಇಸವಿ ನೋಡಿ ಜೋಡಿಸಿದ ತೋಟಾಗಳು ಈಗ ಬಣ್ಣ ನೋಡಿ ನಿಂತಿವೆ. ಕೆಂಪು, ಹಸಿರು, ನೀಲಿ, ಹಳದಿ.

“ಏನ್ ಸಾರ್, ಔಷಧಿ ಅಂಗಡಿ ಥರ ಇತ್ತು ನಿಮ್ಮ ಸ್ಟೋರು. ಈಗ ನೋಡಿ, ಕಾಮನಬಿಲ್ಲು!”

“ಕಾಮನಬಿಲ್ಲನ್ನ ಬಂದೂಕಿಗೆ ತುಂಬೋಕಾಗಲ್ಲ ಸ್ವಾಮಿ.”

ನಕ್ಕರು.

ನಿಜ ಹೇಳಬೇಕೆಂದರೆ... ಚೆಂದವಿತ್ತು. ಬೆಳಕಿಂಡಿಯ ಬಿಸಿಲು ಹಿತ್ತಾಳೆಯ ಬುಡಗಳ ಮೇಲೆ ತಟ್ಟೆಯಿಂದ ತಟ್ಟೆಗೆ ನಿಧಾನ ನಡೆಯುತ್ತಿತ್ತು. ಕೆರೆಯ ತಳದಲ್ಲಿ ಕೂತು ಮೇಲೆ ನೋಡಿದ ಹಾಗೆ. ಎಷ್ಟು ಹೊತ್ತು ನಿಂತೆನೋ.

ಅದೇ ದಿನ, 11 ಗಂಟೆ

ಇಪ್ಪತ್ತು ಬೋರಿನವು ಹಳದಿ — ಎಲ್ಲರಿಗೂ ಗೊತ್ತು. ಆದರೆ ಮೊದಲ ಅಧ್ಯಕ್ಷರ ಕಾಲದ ಒಂದು ಪೆಟ್ಟಿಗೆ ಕೆಂಪಿನದು. ಅದನ್ನು ನೆನಪಿಟ್ಟವನು ನಾನೊಬ್ಬನೇ. ಹನ್ನೆರಡು ಬೋರಿನವು ತುಂಬಿದ್ದ ಕೆಂಪು ತಟ್ಟೆಯ ಮುಂದೆ ಕೂತು ಒಂದೊಂದೇ ಹೆಕ್ಕಿದೆ. ಬೋರಿನ ಸಂಖ್ಯೆ ದೊಡ್ಡದಾದಷ್ಟೂ ತೋಟಾ ಸಣ್ಣದು; ಹನ್ನೆರಡು ಬೋರಿನ ಬಂದೂಕಿಗೆ ಈ ಸಣ್ಣದನ್ನು ಹಾಕಿದರೆ ಮುಂದಕ್ಕೆ ಜಾರಿ ನಳಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನ ಜಾಗ ಖಾಲಿ ಕಾಣುತ್ತದೆ. ಅಲ್ಲಿಗೆ ಇನ್ನೊಂದು ತುಂಬಿ ಹೊಡೆದರೆ ನಳಿಕೆಯೇ ಸಿಡಿಯುತ್ತದೆ.

ಇಪ್ಪತ್ನಾಲ್ಕು ಸಿಕ್ಕವು. ಪೆಟ್ಟಿಗೆಗೆ ಇಪ್ಪತ್ತೈದು. ಒಂದನ್ನು ಹಿಂದೆ ಯಾರೋ ಹೊಡೆದಿರಬೇಕು... ಹೊರಗೆ ಮೈದಾನದಲ್ಲಿ ಗುರಿಗೆಂದು ಎಸೆಯುವ ಮಣ್ಣಿನ ಬಿಲ್ಲೆಗಳು ಹಾರುತ್ತಿದ್ದವು. ಬಾಗಿಲು ಹಾಕಿ ಮನೆಗೆ ಬಂದೆ.

ಮಾರ್ಚ್ 15

ನಮ್ಮ ಕ್ಲಬ್ಬಿನಲ್ಲೇ ಶೂಟಿಂಗ್ ಕಲಿಯುತ್ತಿದ್ದ ತಮ್ಮನ ಮಗಳ ಬಂದೂಕು ಸಿಡಿದಿದೆ. ಎಡಗೈ.

ಮಾರ್ಚ್ 29, ಆಸ್ಪತ್ರೆಯಿಂದ ಬಂದು

ಕಿಟಕಿಯ ಪಕ್ಕ ಕೂತಿದ್ದಳು.

“ದೊಡ್ಡಪ್ಪ, ಕೆಂಪು ತಟ್ಟೆಯಿಂದ ತಗೊಂಡು ಹಾಕಿದ್ದು ಚೆನ್ನಾಗಿ ನೆನಪಿದೆ. ಒತ್ತಿದ್ರೆ ಹಾರ್ಲಿಲ್ಲ, ಬಂದೂಕು ತೆಗೆದು ನೋಡಿದ್ರೆ ಖಾಲಿ! ಹಾಕೋದು ಮರೆತೆ ಅನ್ಕೊಂಡು ಇನ್ನೊಂದು ಹಾಕ್ದೆ.”

ಎರಡು ಬೆರಳು ಹೋಗಿವೆ.

“ಬಿಡಿ, ಅಪ್ಪನಿಗೆ ಉಂಗುರದ ಖರ್ಚು ಉಳೀತು.”

ತಮ್ಮ ಎದ್ದು ಹೊರಗೆ ಹೋದ.

ಮಧ್ಯಾಹ್ನ ಕುರ್ಚಿಯಲ್ಲೇ ಜೊಂಪು. ಕನಸಿನಲ್ಲಿ ಮೈದಾನದ ತುಂಬ ಬಿಲ್ಲೆಗಳು. ಹಾರಿದವು ಇಳಿಯುತ್ತಲೇ ಇಲ್ಲ. ಅವಳು ಹತ್ತೂ ಬೆರಳು ಮಡಚಿ ಮಡಚಿ ಎಣಿಸುತ್ತಿದ್ದಾಳೆ. ಹನ್ನೊಂದಕ್ಕೆ ಬಂದಾಗ ನನ್ನ ಕಡೆ ಕೈಚಾಚಿದಳು.

ಏಪ್ರಿಲ್ 6

ಮೊನ್ನೆಯೇ ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಾರೆ: ಶೂಟರ್‌ನ ಅಜಾಗರೂಕತೆಯಿಂದ ಅಪಘಾತ, ಸದಸ್ಯತ್ವ ರದ್ದು. ಬಲಗೈಯಿದೆ, ಮತ್ತೆ ಕಲಿಯುತ್ತೇನೆ ಎನ್ನುತ್ತಿರುವ ಹುಡುಗಿಗೆ ಇದು!

ಅವತ್ತೇ ಕಾರ್ಯದರ್ಶಿ ಹೆಗಲ ಮೇಲೆ ಕೈಹಾಕಿದರು. “ನಿಮ್ಮ ಹೆಸರು ಎಲ್ಲೂ ಬರದ ಹಾಗೆ ನೋಡ್ಕೊಂಡಿದೀನಿ ಸಾರ್. ಸುಮ್ನಿದ್ದುಬಿಡಿ.”

ಎರಡು ದಿನ ಸುಮ್ಮನಿದ್ದೆ. ಅದನ್ನೂ ಬರೆದಿಡುತ್ತೇನೆ.

ಏಪ್ರಿಲ್ 8, ಬೆಳಿಗ್ಗೆ

ಇವತ್ತು ವಾರ್ಷಿಕ ಸಭೆ. ಓದಬೇಕಾದ್ದು ಇಷ್ಟು:

ಆ ನೋಟಿಸು ಇಳಿಯಬೇಕು. ಅವಳ ಸದಸ್ಯತ್ವ ವಾಪಸು ಬರಬೇಕು. ಲೇಬಲ್ ಕೀಳಿಸಿದ್ದು ಯಾರು, ಯಾರನ್ನು ಕೇಳಿ — ಸದಸ್ಯರೆಲ್ಲರ ಎದುರು ಕಾರ್ಯದರ್ಶಿಗಳು ಎದ್ದು ನಿಂತು ಉತ್ತರ ಕೊಡಬೇಕು. ಅವರು ಕೂತ ಮೇಲೆ ನಾನು ಏಳುತ್ತೇನೆ. ನನ್ನನ್ನೂ ಕೇಳಿ. ಒಂದು ತೋಟಾ ಕಡಿಮೆಯಿದೆ ಎಂದು ಗೊತ್ತಿದ್ದೂ ಆ ದಿನ ಮೈದಾನ ಮುಚ್ಚಿಸದೆ ಈ ಮನುಷ್ಯ ಯಾಕೆ ಬಾಗಿಲು ಹಾಕಿಕೊಂಡು ಮನೆಗೆ ಹೋದ, ಕೇಳಿ.