ಹಿಂಡಿಗೆ ನನ್ನ ಕೂಗು

ಭೋಜ
೧೪ ಡಿಸೆಂಬರ್ ೨೦೨೪

ಪ್ರೀತಿಯ ಮಲಕಾರಿ ಅಣ್ಣಾ,

ಹೇಗಿದ್ದೀ? ನೀನು ಕಾಯುವ ಗಡಿಯ ಮೇಲೆ ಹಿಮ ಬೀಳುವುದನ್ನು ಟಿವಿಯಲ್ಲಿ ಕಂಡು ಅವ್ವ ಇಲ್ಲಿ ತಾನೇ ಕಂಬಳಿ ಹೊದ್ದುಕೊಳ್ಳುತ್ತಾಳೆ. ನಾವೆಲ್ಲ ಅರಾಮ, ಅಪ್ಪನ ಮೊಣಕಾಲೊಂದನ್ನು ಬಿಟ್ಟು.

ಅಪ್ಪನಿಗೆ ಕುರಿಗಳ ಹಿಂದೆ ನಡೆಯಲಾಗುವುದಿಲ್ಲ. ನಾನು ಕಾಯುತ್ತೇನೆಂದೆ. "ಸಾಲಿ ಬಿಟ್ಟಂಗ ಇದನ್ನೂ ನಡುವ ಬಿಡಾಕಿ ನೀ. ಕುರಿ ನಿನ್ನ ಮಾತ ಕೇಳ್ಲಿಲ್ಲಂದ್ರ ಸಂಕ್ರಾಂತಿ ಆದಮ್ಯಾಲ ಹಿಂಡ ಮಾರತೇನಿ" ಎಂದ. ಅದು ಸುಳ್ಳೇನಲ್ಲ. ಒಂಬತ್ತನೆಯ ತರಗತಿಯಲ್ಲಿ ನನ್ನ ಕಾಲು ಬೆಂಚಿನ ಕೆಳಗೆ ನಿಲ್ಲುತ್ತಲೇ ಇರಲಿಲ್ಲ.

ಅದಕ್ಕೇ ನಿನ್ನ ಕೂಗು ಕಲಿಯತೊಡಗಿದೆ. ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಟುರ್ರ್ ಎಂದು ಎಳೆದು, ಕೊನೆಗೆ ಹೋಯ್ ಎಂದು ಮೇಲೆತ್ತುತ್ತಿದ್ದೆಯಲ್ಲ, ಅದು. ಮೊದಮೊದಲು ಬರೇ ಉಗುಳು ಹಾರಿತು. ಕಬ್ಬಿಗೆ ನೀರು ಬಿಡುತ್ತಿದ್ದ ಭರಮು ಕಾಕಾ, "ಯಾಕಬೇ, ಗಂಟಲದಾಗ ಕಪ್ಪಿ ಕುಂತೈತೇನ?" ಎಂದು ನಕ್ಕ. ರೊಟ್ಟಿ ಬಡಿಯುವಾಗಲೂ ಬಟ್ಟೆ ಒಗೆಯುವಾಗಲೂ ಅದನ್ನೇ ಕೂಗಿದೆ. ದೂಧಗಂಗೆಯ ದಂಡೆಯ ಮಂಜಿನಲ್ಲಿ ಕಣ್ಣು ಮುಚ್ಚಿ ಕೂಗಿದರೆ, ಆಚೆ ದಂಡೆಯಿಂದ ನೀನೇ ಓಗೊಟ್ಟಂತೆ ಆಗುತ್ತಿತ್ತು.

ಒಂದು ಮುಂಜಾನೆ ಕೂಗು ಸರಿಯಾಗಿ ಬಂತು. ಮಂಜೇ ಕಾಲು ಮೂಡಿಸಿಕೊಂಡು ಬಂದಂತೆ ಹಿಂಡು ಓಡಿಬಂತು. ನಾನು ಕುಣಿಯುವಷ್ಟರಲ್ಲಿ, ಮುಂದಿದ್ದ ನಮ್ಮ ಬಿಳಿಗಿವಿ ನನ್ನನ್ನು ದಾಟಿಹೋಗಿ ಹುಡುಕತೊಡಗಿದಳು. ನಿನ್ನನ್ನು, ಅಣ್ಣಾ. ಉಳಿದವೂ ದಾರಿಯ ಕಡೆ ನೋಡುತ್ತ ನಿಂತವು. "ಬರಾಕತ್ತಾವಲ್ಲ, ಮತ್ತೇನ ಬೇಕ?" ಎಂದ ಅಪ್ಪ. ನೀನು ಬಂದಿದ್ದೀ ಎಂದು ಸುಳ್ಳು ಹೇಳಿ ಕರೆದಂತಾಯಿತು ನನಗೆ. ಮರುದಿನವೇ ಆ ಕೂಗು ಬಿಟ್ಟೆ.

ಈಗ ನನ್ನದೇ ಒಂದು ಕೂಗಿದೆ, ತಗ್ಗಿದ ದನಿಯ ಉದ್ದನೆಯ ಊಊ. ಕೂಗುವುದು, ಬಂದವಕ್ಕೆ ಹಿಡಿ ಗೊಂಜಾಳದ ಕಾಳು ಕೊಡುವುದು, ಮತ್ತೆ ಕೂಗುವುದು. ಬಹಳ ದಿನ ಒಂದು ಕುಂಟ ಮರಿ ಮಾತ್ರ ಬಂತು. ನಿನ್ನೆ ಬಿಳಿಗಿವಿ ಬಂದಳು. ಕೈಯಲ್ಲಿ ಗೊಂಜಾಳ ಇರಲಿಲ್ಲ, ಬರಿಯ ಅಂಗೈ ನೆಕ್ಕಿದಳು. ನನ್ನ ಹಿಂದೆ ಯಾರನ್ನೂ ಹುಡುಕಲಿಲ್ಲ.

ಅವ್ವ ನಿನ್ನನ್ನು ದಿನಕ್ಕೆ ಹತ್ತು ಸಲ ನೆನೆಯುತ್ತಾಳೆ. ಬೆಚ್ಚಗಿರು.

ನಿನ್ನ ತಂಗಿ
ಮನಿಷಾ

ತಾ.ಕ.: ಸಂಕ್ರಾಂತಿ ರಜೆಗೆ ಬಂದಾಗ ಹಿಂಡು ಕಂಡ ಕೂಡಲೇ ಕೂಗಿಬಿಡಬೇಡ. ಅರ್ಧ ಹಿಂಡು ಇನ್ನೂ ನಿನ್ನದೇ. ಅಪ್ಪನ ಪಕ್ಕ ಸುಮ್ಮನೆ ನಿಂತುಕೋ, ನಾನು ಕರೆಯುತ್ತೇನೆ. ಅವು ನಿನ್ನ ಕಡೆಗೇ ಓಡಿದರೆ, ಹಿಂಡು ಮಾರು ಎಂದು ಅಪ್ಪನಿಗೆ ನಾನೇ ಹೇಳುತ್ತೇನೆ.